ಈಳಿಗೆಯ ಮೇಲೆ ಹೆಸರಿಲ್ಲ: ಗದಗ ಸೀಮೆಯ ಕಂಬಾರಿಕೆಯ ಕಥೆ



ಇಂದು ಸಂಜೆ ನಿಮ್ಮ ಮನೆಯ ಅಡುಗೆಮನೆಯಲ್ಲಿ ಒಮ್ಮೆ ಕಣ್ಣಾಡಿಸಿ. ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟ ಒಂದು ಈಳಿಗೆ ಕಂಡೀತು. ಗದಗ ಸೀಮೆಯ ಆಡುಮಾತಿನಲ್ಲಿ ಅದು ‘ಇಳಿಗಿ’. ಒಂದು ಮರದ ಮಣೆ, ಅದರಲ್ಲಿ ನೆಟ್ಟ ಬಾಗಿದ ಕಬ್ಬಿಣದ ಅಲಗು, ಕೆಲವದರ ತುದಿಗೆ ಕಾಯಿ ತುರಿಯುವ ಹಲ್ಲು. ಅಜ್ಜಿಯ ಕಾಲದಿಂದಲೂ ಅದು ಅಲ್ಲಿಯೇ ಇರಬಹುದು. ಮಸೆದು ಮಸೆದು ಅಲಗು ಅರ್ಧದಷ್ಟು ಸವೆದಿರಬಹುದು. ಅದನ್ನು ಬೆಳಕಿಗೆ ಹಿಡಿದು ನೋಡಿ. ಮಾಡಿದವರ ಹೆಸರು ಎಲ್ಲಿಯಾದರೂ ಇದೆಯೇ? ಪೇಟೆಯಿಂದ ತಂದ ಚಾಕುವಿನ ಮೇಲೆ ಕಂಪನಿಯ ಹೆಸರಿದೆ. ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆಯ ಮೇಲೆ ಕೊಟ್ಟವರ ಹೆಸರನ್ನು ಕೊರೆಸಿದ್ದಾರೆ. ಈಳಿಗೆಯ ಮೇಲೆ ಮಾತ್ರ ಏನೂ ಇಲ್ಲ.

ನಾಡಿನ ಇತಿಹಾಸ ಓದುವಾಗ ಖಡ್ಗ ಹಿಡಿದವರ ಹೆಸರುಗಳನ್ನು ನಾವು ಬಾಯಿಪಾಠ ಮಾಡುತ್ತೇವೆ. ಆ ಖಡ್ಗವನ್ನು ಬಡಿದು ಕೊಟ್ಟವರು ಯಾರೆಂದು ಕೇಳುವುದಿಲ್ಲ. ದೇವಾಲಯ ಕಟ್ಟಿಸಿದವರ ಹೆಸರನ್ನು ಶಾಸನದಲ್ಲಿ ಓದುತ್ತೇವೆ. ಶಿಲ್ಪಿಯ ಉಳಿಗೆ ದಿನವೂ ಮೊನೆ ತೆಗೆದುಕೊಟ್ಟವರನ್ನು ನೆನೆಯುವುದಿಲ್ಲ. ನೇಗಿಲ ಕುಳ, ಕುಂಟೆಯ ಕುಡ, ಕುಡಗೋಲು, ಕೊಡಲಿ, ಈಳಿಗೆ ಇವೆಲ್ಲ ಒಂದೇ ಕುಲುಮೆಯಲ್ಲಿ ಹುಟ್ಟಿದ ಒಡಹುಟ್ಟುಗಳು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಸೀಮೆಯನ್ನು ಮುಂದಿಟ್ಟುಕೊಂಡು ಆ ಕುಲುಮೆಯ ಕಥೆಯನ್ನು ಇಲ್ಲಿ ನೋಡೋಣ. ಈ ವಿದ್ಯೆ ಬರಹದಲ್ಲಿ ಉಳಿದದ್ದು ಕಡಿಮೆ. ಅದು ಕೈಯಿಂದ ಕೈಗೆ ದಾಟುತ್ತ ಬಂದಿದೆ. ಒಂದು ತಲೆಮಾರು ಕೈಬಿಟ್ಟರೆ ಅಲ್ಲಿಗೇ ನಿಂತುಹೋಗುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಗುಡ್ಡದಿಂದ ಕುಲುಮೆಗೆ

ಗದಗ ಜಿಲ್ಲೆಯ ನಕಾಶೆಯನ್ನು ಬಿಡಿಸಿ ನೋಡಿದರೆ ಒಂದು ಬೆಟ್ಟಸಾಲು ಎದ್ದು ಕಾಣುತ್ತದೆ. ಅದೇ ಕಪ್ಪತಗುಡ್ಡ. ಗದಗ ಹತ್ತಿರದ ಬಿಂಕದಕಟ್ಟಿಯ ಕಡೆಯಿಂದ ಹೊರಟು ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳನ್ನು ಹಾಯ್ದು, ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ ಅದು ಹಬ್ಬಿದೆ. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಇದರ ಕಲ್ಲುಗಳಿಗೆ 250 ಕೋಟಿ ವರ್ಷಗಳಿಗೂ ಹೆಚ್ಚಿನ ವಯಸ್ಸು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲೆಲ್ಲ ಓಡಾಡಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಂಥ ಶಿಲಾಸ್ತರಗಳಿಗೆ ‘ಧಾರವಾಡ’ ಎಂಬ ಹೆಸರನ್ನೇ ಕೊಟ್ಟನು. ಇಂದಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಆ ಹೆಸರು ಇದೆ. ಈ ಸ್ತರಗಳಲ್ಲಿ ಪಟ್ಟೆ ಪಟ್ಟೆಯಾಗಿ ಕಬ್ಬಿಣದ ಅದಿರು ಇದೆ. ಕೆಂಪು ಮಿಶ್ರಿತ ಕಪ್ಪು ಬಣ್ಣದ, ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರವಿರುವ ಕಲ್ಲು ಅದು.

ಈ ಕಲ್ಲಿನಿಂದ ಕಬ್ಬಿಣ ತೆಗೆಯುವುದನ್ನು ನಮ್ಮ ನಾಡಿನ ಜನ ಯಾವಾಗ ಕಲಿತರು? ಇದಕ್ಕೆ ಉತ್ತರ ತುಂಗಭದ್ರೆಯ ದಡದಲ್ಲಿಯೇ ಸಿಕ್ಕಿದೆ. ಈಗಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಪುರಾತತ್ತ್ವಜ್ಞ ಡಾ. ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಉತ್ಖನನ ಮಾಡಿದಾಗ ಕಬ್ಬಿಣದ ವಸ್ತುಗಳು ದೊರೆತವು. ಅವುಗಳ ಕಾಲ ಸುಮಾರು ಕ್ರಿ.ಪೂ. 1000 ಎಂದು ತಿಳಿದುಬಂತು. ಅಂದರೆ ನಮ್ಮ ಭಾಗದಲ್ಲಿ ಕಬ್ಬಿಣದ ಕೆಲಸಕ್ಕೆ ಸುಮಾರು 3000 ವರ್ಷಗಳ ಇತಿಹಾಸವಿದೆ.

ಅದಿರನ್ನು ಕರಗಿಸುವ ಹಳೆಯ ವಿಧಾನವನ್ನು ತಿಳಿಯುವುದು ಕಷ್ಟವಲ್ಲ. ಮಣ್ಣಿನಿಂದ ಆಳೆತ್ತರಕ್ಕಿಂತ ಕಡಿಮೆಯ ಒಂದು ಒಲೆ ಕಟ್ಟುತ್ತಿದ್ದರು. ಅದರಲ್ಲಿ ಇದ್ದಿಲು ಒಂದು ಪದರ, ಪುಡಿ ಮಾಡಿದ ಅದಿರು ಒಂದು ಪದರ ಹೀಗೆ ತುಂಬುತ್ತಿದ್ದರು. ಆಡಿನ ಚರ್ಮದ ತಿದಿಗಳಿಂದ ಮಣ್ಣಿನ ಕೊಳವೆಯ ಮೂಲಕ ಗಂಟೆಗಟ್ಟಲೆ ಗಾಳಿ ಊದುತ್ತಿದ್ದರು. ಇದ್ದಿಲಿನಿಂದ ಹುಟ್ಟಿದ ಕಾರ್ಬನ್ ಮೊನಾಕ್ಸೈಡ್ ಅನಿಲವು ಅದಿರಿನಲ್ಲಿದ್ದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಆಗ ಕಬ್ಬಿಣವು ನೀರಾಗಿ ಹರಿಯದೆ ಸ್ಪಂಜಿನಂಥ ಒಂದು ಉಂಡೆಯಾಗಿ ಉಳಿಯುತ್ತದೆ. ಆ ಉಂಡೆಯನ್ನು ಕೆಂಪಗಿರುವಾಗಲೇ ಬಡಿದು ಒಳಗಿನ ಕಿಟ್ಟವನ್ನು ಹೊರದೂಡಿದರೆ ಕೆಲಸಕ್ಕೆ ಬರುವ ಕಬ್ಬಿಣ ಸಿದ್ಧ.

ಈಗ ನಮ್ಮ ಸೀಮೆಯ ದೇವಾಲಯಗಳನ್ನು ನೆನೆಯಿರಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮ ಜಿನಾಲಯ, ಗದಗಿನ ತ್ರಿಕೂಟೇಶ್ವರ, ಡಂಬಳದ ದೊಡ್ಡಬಸಪ್ಪ, ಹಿಂದೆ ಪುಲಿಗೆರೆ ಎನಿಸಿದ್ದ ಲಕ್ಷ್ಮೇಶ್ವರದ ಸೋಮೇಶ್ವರ. ಈ ಕಂಬಗಳ ಬಳೆಗಳನ್ನೂ ಹೂಬಳ್ಳಿಗಳನ್ನೂ ಕಂಡು ಬೆರಗಾಗುತ್ತೇವೆ. ಲಕ್ಕುಂಡಿಯ ಬಳಪದ ಜಾತಿಯ ಕಲ್ಲು ಮೆದುವಾದರೂ ಉಳಿಯ ಬಾಯಿ ದಿನಕ್ಕೆ ಎಷ್ಟೋ ಸಲ ಮೊಂಡಾಗುತ್ತದೆ. ಪ್ರತಿ ಸಲವೂ ಅದನ್ನು ಕಾಯಿಸಿ ಬಡಿದು ಮೊನೆ ಮಾಡಿ ಹದ ಕೊಡಬೇಕು. ಶಿಲ್ಪಿಗಳ ಬೀಡು ಇದ್ದಲ್ಲೆಲ್ಲ ಪಕ್ಕದಲ್ಲಿ ಒಂದು ಕುಲುಮೆ ಉರಿಯಲೇಬೇಕಿತ್ತು. ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲಿ ಈ ಐದು ಕಸುಬಿನವರನ್ನು ಒಟ್ಟಾಗಿ ‘ಪಾಂಚಾಳ’ರೆಂದು ಕರೆದದ್ದರ ಹಿಂದೆ ಈ ನಂಟು ಇದೆ. ಒಬ್ಬನ ಕೈ ನಿಂತರೆ ಇನ್ನೊಬ್ಬನ ಕೈ ನಡೆಯದು.

‘ಉಕ್ಕು’ ಕಡಲು ದಾಟಿದ ಬಗೆ

ಕಬ್ಬಿಣ ಮತ್ತು ಉಕ್ಕು ಒಂದೇ ಅಲ್ಲ ಎಂಬುದನ್ನು ನೀವು ರಸಾಯನಶಾಸ್ತ್ರದಲ್ಲಿ ಓದಿದ್ದೀರಿ. ಕಬ್ಬಿಣಕ್ಕೆ ಇಂಗಾಲ ಸ್ವಲ್ಪ ಸೇರಿದರೆ ಉಕ್ಕು. ಈ ‘ಸ್ವಲ್ಪ’ ಎಷ್ಟು ಎಂಬುದರಲ್ಲಿಯೇ ಎಲ್ಲ ಗುಟ್ಟು ಅಡಗಿದೆ. ಶೇಕಡ 0.25ಕ್ಕಿಂತ ಕಡಿಮೆ ಇದ್ದರೆ ಬಾಗುವ ಮೆದು ಉಕ್ಕು. ಅದರಿಂದ ಕಿಟಕಿಯ ಸರಳು ಮಾಡಬಹುದು, ಒಳ್ಳೆಯ ಅಲಗು ಆಗದು. ಶೇಕಡ 0.5ರ ಮೇಲೆ ಹೋದಾಗ ಹದ ಹಿಡಿಯುವ ಗುಣ ಬರುತ್ತದೆ. ಶೇಕಡ 2 ದಾಟಿದರೆ ಬಡಿದಾಗ ಒಡೆಯುವ ಎರಕದ ಕಬ್ಬಿಣವಾಗುತ್ತದೆ.

ದಕ್ಷಿಣ ಭಾರತದ ಕುಶಲಿಗಳು ಮಣ್ಣಿನ ಚಿಕ್ಕ ಮೂಸೆಗಳಲ್ಲಿ ಕಬ್ಬಿಣದ ತುಂಡು ಮತ್ತು ಕಟ್ಟಿಗೆ, ಎಲೆಗಳನ್ನು ಹಾಕಿ ಬಾಯಿ ಮುಚ್ಚಿ ಕಾಯಿಸಿ, ಶೇಕಡ 1ರಿಂದ 2ರಷ್ಟು ಇಂಗಾಲವಿರುವ ಶ್ರೇಷ್ಠ ಉಕ್ಕನ್ನು ತಯಾರಿಸುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಂಥ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಇದಕ್ಕೂ ಮೊದಲೇ ಮುಂಬಯಿಯಿಂದ ಈ ಉಕ್ಕಿನ ಮಾದರಿಗಳು ಲಂಡನ್ನಿಗೆ ಹೋಗಿದ್ದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಒಂದು ಪ್ರಬಂಧ ಓದಿದನು. ಅದರಲ್ಲಿ ಈ ಲೋಹದ ಹೆಸರು ‘ವೂಟ್ಜ್’ ಎಂದಿತ್ತು. ಕನ್ನಡದ ‘ಉಕ್ಕು’ ಎಂಬ ಪದವೇ ವಿದೇಶೀಯರ ಕಿವಿಯಲ್ಲೂ ಬರಹದಲ್ಲೂ ಹೀಗೆ ರೂಪಾಂತರ ಹೊಂದಿತೆಂದು ವಿದ್ವಾಂಸರು ವಿವರಿಸುತ್ತಾರೆ.

ಮುಂದಿನ ಸಂಗತಿ ಇನ್ನೂ ಸ್ವಾರಸ್ಯಕರ. ವಿದ್ಯುತ್ತಿನ ಪಾಠದಲ್ಲಿ ನೀವು ಓದಿದ ಮೈಕೆಲ್ ಫ್ಯಾರಡೆ ಹುಟ್ಟಿದ್ದು ಒಬ್ಬ ಕಮ್ಮಾರನ ಮನೆಯಲ್ಲಿ. ಅವನು ತರುಣನಾಗಿದ್ದಾಗ ಈ ‘ವೂಟ್ಜ್’ ಉಕ್ಕಿನ ಗುಟ್ಟನ್ನು ಬಿಡಿಸಲು ಹಲವು ಪ್ರಯೋಗಗಳನ್ನು ನಡೆಸಿದನು. ಅವನ ಜೊತೆಗಾರ ಜೇಮ್ಸ್ ಸ್ಟೋಡಾರ್ಟ್ ಚಾಕು ಮತ್ತು ಶಸ್ತ್ರಚಿಕಿತ್ಸೆಯ ಅಲಗುಗಳನ್ನು ಮಾಡುವ ಕಸುಬಿನವನು. 1820ರ ಸುಮಾರಿಗೆ ಇಬ್ಬರೂ ಸೇರಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ದಕ್ಷಿಣ ಭಾರತದ ಹೆಸರಿಲ್ಲದ ಕುಶಲಿಗಳು ಮೂಸೆಯಲ್ಲಿ ಮಾಡಿದ್ದನ್ನು ಅರಿಯಲು ಲಂಡನ್ನಿನ ಪ್ರಯೋಗಶಾಲೆ ದುಡಿಯಿತು. ಮಿಶ್ರಲೋಹದ ಉಕ್ಕುಗಳ ಆಧುನಿಕ ಅಧ್ಯಯನ ಆರಂಭವಾದ ಹೆಜ್ಜೆಗಳಲ್ಲಿ ಇದೂ ಒಂದು.

ಊರು ಮತ್ತು ಕಂಬಾರ

ಹಳೆ ಮೈಸೂರಿನ ಕಡೆ ‘ಕಮ್ಮಾರ’ ಎನ್ನುವವರನ್ನು ನಮ್ಮ ಉತ್ತರ ಕರ್ನಾಟಕದಲ್ಲಿ ‘ಕಂಬಾರ’ ಎನ್ನುತ್ತಾರೆ. ಜ್ಞಾನಪೀಠ ಪ್ರಶಸ್ತಿ ಪಡೆದ ಕವಿ ಚಂದ್ರಶೇಖರ ಕಂಬಾರರ ಅಡ್ಡಹೆಸರಿನಲ್ಲಿ ಇರುವುದು ಇದೇ ಕಸುಬು. ಊರಿನ ಹನ್ನೆರಡು ಆಯಗಾರರಲ್ಲಿ ಕಂಬಾರನೂ ಒಬ್ಬ. ರೈತ ಅವನಿಗೆ ಪ್ರತಿ ಕೆಲಸಕ್ಕೂ ದುಡ್ಡು ಎಣಿಸುತ್ತಿರಲಿಲ್ಲ. ವರ್ಷವಿಡೀ ಕುಳ, ಕುಡ, ಕುಡಗೋಲುಗಳನ್ನು ಹಣಿಸಿಕೊಂಡು, ಸುಗ್ಗಿಯಲ್ಲಿ ಕಣದಲ್ಲಿ ಜೋಳದ ರಾಶಿಯಾದಾಗ ಅವನ ಪಾಲಿನ ಆಯವನ್ನು ಅಳೆದು ಕೊಡುತ್ತಿದ್ದ. ಹಣಿಸುವುದು ಎಂದರೆ ಮೊಂಡಾದ ಅಂಚನ್ನು ಕಾಯಿಸಿ ಬಡಿದು ಮತ್ತೆ ತೆಳ್ಳಗೆ ತೆಗೆಯುವುದು. ಆ ಮನೆಯ ಈಳಿಗೆಯೂ ಈ ಲೆಕ್ಕದಲ್ಲಿಯೇ ಬರುತ್ತಿತ್ತು.

ಈ ವ್ಯವಸ್ಥೆಯನ್ನು ಚೆಂದವೆಂದು ಮಾತ್ರ ನೋಡಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ಮಳೆ ಬಂದರೆ ಕಂಬಾರನಿಗೂ ಅನ್ನ. ಮಳೆ ಕೈಕೊಟ್ಟರೆ ಮೊದಲು ಕಡಿತವಾಗುವುದು ಆಯ. 1876-78ರ ಭೀಕರ ಬರಗಾಲದಲ್ಲಿ ಧಾರವಾಡ ಸೀಮೆಯೂ ಬೆಂದಿತು. ಕಣದಲ್ಲಿ ರಾಶಿಯೇ ಇಲ್ಲದಾಗ ಆಯಗಾರನ ಮನೆಯ ಒಲೆ ಹೇಗೆ ಉರಿದೀತು ಎಂಬುದನ್ನು ನೀವೇ ಊಹಿಸಿ. ಹುಟ್ಟಿನಿಂದ ಬಂದ ಕಸುಬನ್ನು ಬಿಟ್ಟು ಬೇರೆ ದಾರಿ ಹಿಡಿಯುವುದೂ ಸುಲಭವಾಗಿರಲಿಲ್ಲ.

ಕುಲುಮೆಯಲ್ಲಿ ಹೆಂಗಸರ ದುಡಿಮೆಯನ್ನೂ ಗಮನಿಸಬೇಕು. ತಿದಿ ಒತ್ತುವವಳು, ಇದ್ದಿಲು ಹೊಂದಿಸುವವಳು, ಎಷ್ಟೋ ಕಡೆ ದೊಡ್ಡ ಸುತ್ತಿಗೆ ಎತ್ತಿ ಬಡಿಯುವವಳೂ ಮನೆಯೊಡತಿಯೇ. ಊರೂರು ತಿರುಗುತ್ತ ರಸ್ತೆ ಬದಿಯಲ್ಲಿ ಬೀಡುಬಿಡುವ ಗಿಸಾಡಿ ಅಥವಾ ಬೈಲಕಂಬಾರರಲ್ಲಿ ಈ ದೃಶ್ಯ ತೀರ ಸಾಮಾನ್ಯ. ಗಂಡ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ಚಿಕ್ಕ ಸುತ್ತಿಗೆಯಿಂದ ಜಾಗ ತೋರಿಸುತ್ತಾನೆ. ಹೆಂಡತಿ ಅದೇ ಜಾಗಕ್ಕೆ ದೊಡ್ಡ ಸುತ್ತಿಗೆಯ ಪೆಟ್ಟು ಹಾಕುತ್ತಾಳೆ. ಒಂದು ಪೆಟ್ಟು ತಪ್ಪಿದರೂ ಅಪಾಯ.

ಊರಿನ ಸಂತೆಗಳಲ್ಲಿ ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಒಬ್ಬ ಮುದುಕಿ ಬಂದು, “ಯಪ್ಪಾ, ಇಳಿಗಿ ಮೊಂಡ ಆಗೇತಿ, ಉಳ್ಳಾಗಡ್ಡಿ ಸುದ್ದಾ ಹೆಚ್ಚವಲ್ದು. ಒಂದೀಟ ಹಣದ ಕೊಡು” ಎನ್ನುತ್ತಾಳೆ. “ಕುಂದ್ರಬೇ ಯವ್ವಾ, ಈಗ ಕೊಡ್ತೀನಿ” ಎಂದು ಕಂಬಾರ ಉತ್ತರಿಸುತ್ತಾನೆ. ಕೊಳ್ಳುವವಳು ಮತ್ತು ಮಾಡುವವನು ಮುಖಾಮುಖಿಯಾಗಿ ಕುಳಿತ ಈ ವ್ಯವಹಾರದಲ್ಲಿ ಹೆಸರು ಕೊರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಯಾರು ಮಾಡಿದ್ದೆಂದು ಊರಿಗೆಲ್ಲ ಗೊತ್ತಿತ್ತು.

ಕಣ್ಣಿನಲ್ಲಿ ಅಳೆದ ಶಾಖ

ಈಗ ಒಂದು ಈಳಿಗೆಯ ಅಲಗು ಹೇಗೆ ತಯಾರಾಗುತ್ತದೆ ಎಂಬುದನ್ನು ಹಂತ ಹಂತವಾಗಿ ನೋಡೋಣ. ಇಂದು ಹೆಚ್ಚಿನ ಕಂಬಾರರು ಬಳಸುವುದು ಗುಜರಿಯಿಂದ ತಂದ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು. ಅದರಲ್ಲಿ ಸುಮಾರು ಶೇಕಡ 0.5ರಿಂದ 0.6ರಷ್ಟು ಇಂಗಾಲವಿರುವುದರಿಂದ ಅಲಗಿಗೆ ಅದು ಒಪ್ಪುತ್ತದೆ. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಮೈಯನ್ನು ಮೆದು ಕಬ್ಬಿಣದಲ್ಲಿ ಮಾಡಿ, ಅಂಚಿಗೆ ಮಾತ್ರ ಒಂದು ತೆಳು ಉಕ್ಕಿನ ಪಟ್ಟಿಯನ್ನು ಕೂಡಿಸುತ್ತಿದ್ದರು. ಎರಡೂ ಬೆಳ್ಳಗೆ ಕಾದು ಕಿಡಿ ಹಾರುವಾಗ ಬಡಿದರೆ ಅಂಟಿಲ್ಲದೆ ಒಂದಾಗುತ್ತವೆ. ಕೊಡಲಿಗೆ ‘ಉಕ್ಕು ಹಾಕಿಸುವುದು’ ಎನ್ನುವ ಮಾತು ಇದರಿಂದಲೇ ಬಂದಿದೆ.

ಮೊದಲು ಪಟ್ಟಿಯನ್ನು ಕುಲುಮೆಯ ಇದ್ದಿಲಿನಲ್ಲಿ ಹೂತು ಗಾಳಿ ಊದುತ್ತಾರೆ. ಉಕ್ಕು ಮಂಕು ಕೆಂಪು, ಕೆಂಪು, ಕಿತ್ತಳೆ, ಹಳದಿ ಹೀಗೆ ಬಣ್ಣ ಬದಲಿಸುತ್ತದೆ. ಮಂಕು ಕೆಂಪಿಗೆ ಸುಮಾರು 650 ಡಿಗ್ರಿ ಸೆಲ್ಸಿಯಸ್, ಕಿತ್ತಳೆಗೆ ಸುಮಾರು 950 ಡಿಗ್ರಿ. ಕಂಬಾರನ ಬಳಿ ಉಷ್ಣಮಾಪಕವಿಲ್ಲ. ಬಣ್ಣವೇ ಅವನ ಮಾಪಕ. ಕುಲುಮೆಯನ್ನು ನೆರಳಿನಲ್ಲಿ, ಕತ್ತಲಿರುವ ಮಾಡಿನಲ್ಲಿ ಇಡುವುದಕ್ಕೆ ಇದೂ ಒಂದು ಕಾರಣ. ಬಿಸಿಲಿನಲ್ಲಿ ಬಣ್ಣ ಸರಿಯಾಗಿ ಕಾಣದು.

ಕಿತ್ತಳೆ ಬಣ್ಣಕ್ಕೆ ಬಂದ ಪಟ್ಟಿಯನ್ನು ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಾರೆ. ಬೆನ್ನು ದಪ್ಪ ಉಳಿಯಬೇಕು, ಅಂಚು ತೆಳ್ಳಗಾಗಬೇಕು. ತೆಳ್ಳಗಾದ ಕಡೆ ಲೋಹ ಹಿಗ್ಗಿ ಅಲಗು ತಾನಾಗಿ ಬಾಗುತ್ತದೆ. ಆ ಬಾಗನ್ನು ತಿದ್ದುತ್ತ ಬೇಕಾದ ಆಕಾರ ತರುವುದು ಕೈಯ ಅನುಭವ. ಬುಡದಲ್ಲಿ ಮಣೆಗೆ ನೆಡಲು ಮುಳ್ಳನ್ನು ತೆಗೆದು, ತುದಿಯನ್ನು ಅಗಲಿಸಿ ತುರಿಯುವ ಹಲ್ಲುಗಳನ್ನು ಕಡಿಯುತ್ತಾರೆ.

ಎಲ್ಲಕ್ಕಿಂತ ನಾಜೂಕಾದದ್ದು ಹದ ಕೊಡುವ ಕೆಲಸ. ಅಲಗನ್ನು ಮತ್ತೆ ಸುಮಾರು 800 ಡಿಗ್ರಿಯ ಚೆರ್‍ರಿ ಹಣ್ಣಿನ ಕೆಂಪಿಗೆ ಕಾಯಿಸುತ್ತಾರೆ. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣ ತನ್ನ ಕಾಂತಗುಣವನ್ನು ಕಳೆದುಕೊಳ್ಳುತ್ತದೆ ಎಂದು ನೀವು ಭೌತಶಾಸ್ತ್ರದಲ್ಲಿ ಓದಿರಬಹುದು. ಉಕ್ಕಿನ ಒಳರಚನೆ ಬದಲಾಗುವುದೂ ಈ ಆಸುಪಾಸಿನಲ್ಲಿಯೇ. ಆಗ ಅಂಚನ್ನು ಮಾತ್ರ ನೀರಿನಲ್ಲಿ ಅದ್ದುತ್ತಾರೆ. ತಟ್ಟನೆ ತಣಿದ ಉಕ್ಕಿನಲ್ಲಿ ಇಂಗಾಲದ ಪರಮಾಣುಗಳು ಹೊರಬರಲಾರದೆ ಸಿಕ್ಕಿಬಿದ್ದು, ಮಾರ್ಟೆನ್‌ಸೈಟ್ ಎಂಬ ಅತಿ ಗಟ್ಟಿಯಾದ ರಚನೆ ಉಂಟಾಗುತ್ತದೆ. ಆದರೆ ಇದು ಗಾಜಿನಂತೆ ಪೆಡಸು. ಹಾಗೆಯೇ ಬಿಟ್ಟರೆ ತೆಂಗಿನ ಚಿಪ್ಪು ತಗಲಿದಾಗ ಅಂಚು ಚಕ್ಕೆಯೇಳುತ್ತದೆ.

ಆದ್ದರಿಂದ ಕಂಬಾರ ಅಂಚನ್ನು ಬೇಗನೆ ಮೇಲೆತ್ತಿ ಕಲ್ಲಿನಿಂದ ಉಜ್ಜಿ ಹೊಳಪು ಮಾಡಿ ಕಾಯುತ್ತಾನೆ. ಬೆನ್ನಿನಲ್ಲಿ ಉಳಿದ ಶಾಖ ನಿಧಾನವಾಗಿ ಅಂಚಿನ ಕಡೆ ಹರಿದು ಬರುತ್ತದೆ. ಹೊಳೆಯುವ ಮೈಮೇಲೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಬಣ್ಣ ಓಡುತ್ತದೆ. ಹಳದಿಗೆ ಸುಮಾರು 220 ಡಿಗ್ರಿ, ನೀಲಿಗೆ ಸುಮಾರು 300 ಡಿಗ್ರಿ. ಬೇಕಾದ ಬಣ್ಣ ಅಂಚಿಗೆ ಮುಟ್ಟಿದ ಕ್ಷಣವೇ ಮತ್ತೆ ನೀರಿಗೆ ಅದ್ದಿ ನಿಲ್ಲಿಸಬೇಕು. ಅರೆಕ್ಷಣ ತಡವಾದರೂ ಹದ ಇಳಿದು ಅಲಗು ಮೆದುವಾಗುತ್ತದೆ. ಈ ಒಂದು ಕ್ಷಣವನ್ನು ಹಿಡಿಯಲು ಕಲಿಯುವುದಕ್ಕೆ ಹುಡುಗನೊಬ್ಬ ವರ್ಷಗಟ್ಟಲೆ ತಿದಿಯ ಪಕ್ಕದಲ್ಲಿ ಕೂಡಬೇಕಿತ್ತು. ಯಾವ ಪಠ್ಯಪುಸ್ತಕವೂ ಅದನ್ನು ಕಲಿಸುತ್ತಿರಲಿಲ್ಲ.

ಕೊನೆಗೆ ಸಾಣೆ. ನಂತರ ಮಣೆ. ಚಾಕುವಿನಲ್ಲಿ ಅಲಗು ಚಲಿಸುತ್ತದೆ, ತರಕಾರಿ ನಿಲ್ಲುತ್ತದೆ. ಈಳಿಗೆಯಲ್ಲಿ ಇದು ತಿರುವುಮುರುವು. ಹೆಚ್ಚುವವರು ಮಣೆಯನ್ನು ಕಾಲಿನಿಂದ ಒತ್ತಿ ಹಿಡಿಯುತ್ತಾರೆ. ಎರಡೂ ಕೈಗಳು ಬಿಡುವಾಗಿ ಬದನೆಕಾಯಿಯನ್ನು ಅಲಗಿನ ಕಡೆಗೆ ಒಯ್ಯುತ್ತವೆ. ಮಲೆನಾಡಿನಲ್ಲಿ ಇದನ್ನು ಮೆಟ್ಟುಗತ್ತಿ ಎನ್ನುತ್ತಾರೆ. ಮರಾಠಿಯಲ್ಲಿ ವಿಳಿ, ತೆಲುಗಿನಲ್ಲಿ ಕತ್ತಿಪೀಟ, ಬಂಗಾಳಿಯಲ್ಲಿ ಬೊಂಟಿ. ನೆಲದ ಮೇಲೆ ಕುಳಿತು ಅಡುಗೆ ಮಾಡುವ ನಾಡುಗಳ ಜಾಣ್ಮೆ ಈ ಸಾಧನದಲ್ಲಿದೆ.

ಖಡ್ಗ ನಿಷಿದ್ಧವಾದಾಗ

ಕುಡಗೋಲು ಬಡಿಯಬಲ್ಲ ಕೈ ಖಡ್ಗವನ್ನೂ ಬಡಿಯಬಲ್ಲದು. ಇದು ಬ್ರಿಟಿಷ್ ಸರಕಾರಕ್ಕೆ ಚೆನ್ನಾಗಿ ತಿಳಿದಿತ್ತು. 1857ರಲ್ಲಿ ಜನರ ಕೈಯಿಂದ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ಜಾರಿಗೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿ ನಿಂತರು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಸೈನ್ಯ ಹಲಗಲಿಗೆ ಬೆಂಕಿಯಿಟ್ಟಿತು. ಮರುವರ್ಷ ನಮ್ಮ ಸೀಮೆಯಲ್ಲಿಯೇ ಕಿಡಿ ಹೊತ್ತಿತು. 1858ರ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯ ಬಂಡೆದ್ದು, ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು, ಕೊಪ್ಪಳದ ಕೋಟೆಯನ್ನು ಹಿಡಿದನು. ಜೂನ್ 1ರಂದು ಅಲ್ಲಿಯೇ ಹೋರಾಡುತ್ತ ಮಡಿದನು. ನರಗುಂದದ ಬಾಬಾಸಾಹೇಬನನ್ನು ಅದೇ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಆಮೇಲೆ 1878ರ ಆಯುಧ ಕಾಯಿದೆ ಬಂತು. ಪರವಾನಗಿ ಇಲ್ಲದೆ ಆಯುಧ ತಯಾರಿಸುವುದೂ ಮಾರುವುದೂ ಅಪರಾಧವಾಯಿತು. ತಲೆತಲಾಂತರದಿಂದ ಖಡ್ಗ, ಈಟಿಗಳನ್ನು ಬಡಿದ ಕುಲುಮೆಗಳಿಗೆ ಉಳಿದದ್ದು ಹೊಲ ಮತ್ತು ಅಡುಗೆಮನೆ. ಇಂದು ಜಾರಿಯಲ್ಲಿರುವ 1959ರ ಆಯುಧ ಕಾಯಿದೆಯೂ ಕೇವಲ ಗೃಹಬಳಕೆಗೆ ಮತ್ತು ಕೃಷಿಗೆಂದೇ ಮಾಡಿದ ಸಾಧನಗಳನ್ನು ಆಯುಧಗಳ ಪಟ್ಟಿಯಿಂದ ಹೊರಗಿಟ್ಟಿದೆ.

ಜಪಾನಿನಲ್ಲಿಯೂ ಹೆಚ್ಚು ಕಡಿಮೆ ಇದೇ ಕಾಲಕ್ಕೆ ಇಂಥದೇ ಒಂದು ಘಟನೆ ನಡೆಯಿತು. 1876ರಲ್ಲಿ ಅಲ್ಲಿನ ಸರಕಾರ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ನಿಷೇಧಿಸಿತು. ಖಡ್ಗ ಮಾಡುತ್ತಿದ್ದ ಅನೇಕ ಕಮ್ಮಾರರು ಅಡುಗೆಯ ಚಾಕುಗಳತ್ತ ತಿರುಗಿದರು. ಸಕಾಯ್ ಎಂಬ ನಗರದ ಚಾಕುಗಳು ಇಂದು ಜಗತ್ಪ್ರಸಿದ್ಧ. ಅಲ್ಲಿ ಅಲಗಿನ ಮೇಲೆ ತಯಾರಕರ ಮುದ್ರೆ ಇರುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಚಾಕು ತಯಾರಕರ ಸಂಘ 1624ರಷ್ಟು ಹಿಂದೆಯೇ ಕಾನೂನುಬದ್ಧವಾಗಿ ಸ್ಥಾಪನೆಯಾಗಿ, ಸದಸ್ಯರ ಮುದ್ರೆಗಳನ್ನು ದಾಖಲಿಸುತ್ತಿತ್ತು. ಮುದ್ರೆ ಇದ್ದವರ ಮಾಲು ದೂರದ ಪೇಟೆಗೆ ಹೋಯಿತು, ಹೆಸರು ಇತಿಹಾಸಕ್ಕೆ ಸೇರಿತು. ನಮ್ಮ ಕಂಬಾರನ ಕೀರ್ತಿ ಆಯ ಕೊಡುವ ಊರಿನ ಎಲ್ಲೆಯಲ್ಲಿಯೇ ಉಳಿಯಿತು.

ಕುಲುಮೆ ತಣ್ಣಗಾದದ್ದು ಹೇಗೆ

ಇದಕ್ಕೆ ಒಂದೇ ಕಾರಣವಿಲ್ಲ. ಮೊದಲು ಹೋದದ್ದು ಅದಿರು ಕರಗಿಸುವ ಕೆಲಸ. 19ನೆಯ ಶತಮಾನದಲ್ಲಿ ವಿಲಾಯತಿ ಕಬ್ಬಿಣ ಅಗ್ಗವಾಗಿ ಬಂದಿಳಿಯಿತು. 1878ರ ಅರಣ್ಯ ಕಾಯಿದೆಯಿಂದ ಇದ್ದಿಲಿಗೆ ಮರ ಕಡಿಯುವುದು ಕಷ್ಟವಾಯಿತು. 1880ರ ದಶಕದಲ್ಲಿ ಗದಗಕ್ಕೆ ರೈಲು ಬಂದ ಮೇಲೆ ಹತ್ತಿಯ ಅಂಡಿಗೆಗಳು ಹೊರಗೆ ಹೋದವು, ಕಬ್ಬಿಣದ ಪಟ್ಟಿಗಳು ಒಳಗೆ ಬಂದವು. ಕಂಬಾರ ಉಳಿದ, ಗುಡ್ಡಕ್ಕೂ ಅವನಿಗೂ ಇದ್ದ ನಂಟು ಕಡಿಯಿತು.

ಈ ಸೀಮೆಯಲ್ಲಿ ಕಬ್ಬಿಣದ ಮಾತು ಮತ್ತೆ ಎದ್ದದ್ದು ನಮ್ಮ ಕಾಲದಲ್ಲಿ. 2010ರಲ್ಲಿ ದಕ್ಷಿಣ ಕೊರಿಯದ ಪೋಸ್ಕೊ ಕಂಪನಿಯು ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಬಳಿ ವರ್ಷಕ್ಕೆ 60 ಲಕ್ಷ ಟನ್ ಉಕ್ಕು ತಯಾರಿಸುವ ಕಾರ್ಖಾನೆಯ ಪ್ರಸ್ತಾವ ಇಟ್ಟಿತು. ಫಲವತ್ತಾದ ಎರೆಭೂಮಿ ಹೋಗುತ್ತದೆಂದು ರೈತರು ಎದುರು ನಿಂತರು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರು ಚಳವಳಿಗೆ ಬಲ ತುಂಬಿದರು. 2011ರಲ್ಲಿ ಸರಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ಅದೇ ಕಬ್ಬಿಣ. ಒಮ್ಮೆ ಅದನ್ನು ಬುಟ್ಟಿಯಲ್ಲಿ ಅಳೆದರು, ಇನ್ನೊಮ್ಮೆ ಲಕ್ಷ ಟನ್ನುಗಳಲ್ಲಿ.

ಎರಡನೆಯ ಪೆಟ್ಟು ಹೊಲದಿಂದ ಬಂತು. ಟ್ರ್ಯಾಕ್ಟರ್ ಬಂದಾಗ ಮರದ ನೇಗಿಲು, ಕೂರಿಗೆಗಳು ಅಟ್ಟ ಸೇರಿದವು. ಕಂಬಾರನ ವರ್ಷದ ಆದಾಯದ ದೊಡ್ಡ ಪಾಲು ಕುಳ ಕುಡಗಳದೇ ಆಗಿತ್ತು. ಈಳಿಗೆ ಅದರ ಜೊತೆಗೆ ಬರುವ ಚಿಲ್ಲರೆ ಕೆಲಸ. ದೊಡ್ಡದು ಹೋದ ಮೇಲೆ ಚಿಲ್ಲರೆಯನ್ನೇ ನಂಬಿ ಕುಲುಮೆ ಉರಿಸುವುದು ಕಷ್ಟವಾಯಿತು.

ಮೂರನೆಯದು ಅಡುಗೆಮನೆಯೊಳಗಿನ ಬದಲಾವಣೆ. ಗ್ಯಾಸ್ ಒಲೆ ಬಂತು, ಅದನ್ನಿಡಲು ಕಟ್ಟೆ ಬಂತು. ನೆಲದ ಮೇಲೆ ಕುಳಿತು ಹೆಚ್ಚುತ್ತಿದ್ದವರು ಎದ್ದು ನಿಂತರು. ನಿಂತವರಿಗೆ ಕಾಲಿನಿಂದ ಒತ್ತುವ ಈಳಿಗೆ ಒಗ್ಗದು. ಕೈಯಲ್ಲಿ ಹಿಡಿಯುವ ಚಾಕು ಬೇಕು. ಮೊಣಕಾಲು ನೋಯುವ ಅಜ್ಜಿಗೆ ಇದು ಒಳ್ಳೆಯದೇ ಆಯಿತು ಎಂಬುದನ್ನೂ ಹೇಳಬೇಕು. ಆ ಚಾಕು ತುಕ್ಕು ಹಿಡಿಯದ ಉಕ್ಕಿನದು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಉಕ್ಕಿಗೆ ಸುಮಾರು ಶೇಕಡ 13ರಷ್ಟು ಕ್ರೋಮಿಯಂ ಬೆರೆಸಿ ಇದನ್ನು ಕಂಡುಕೊಂಡನು. ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದ ಬದನೆಕಾಯಿ, ಬಾಳೆಕಾಯಿ ಬೇಗ ಕಪ್ಪಾಗುತ್ತವೆ; ಅವುಗಳಲ್ಲಿನ ಟ್ಯಾನಿನ್ ಜಾತಿಯ ದ್ರವ್ಯಗಳು ಕಬ್ಬಿಣದೊಡನೆ ಕೂಡಿ ಕಪ್ಪು ಬಣ್ಣ ಕೊಡುತ್ತವೆ. ಸ್ಟೇನ್‌ಲೆಸ್ ಚಾಕುವಿಗೆ ಈ ತೊಂದರೆ ಕಡಿಮೆ. ಆದರೆ ಅಗ್ಗದ ಚಾಕು ಮೊಂಡಾದರೆ ಎಸೆಯುತ್ತೇವೆ. ಈಳಿಗೆಯನ್ನು ಹಣಿಸುತ್ತೇವೆ, ಮಸೆಯುತ್ತೇವೆ. ಅದು ಎರಡು ತಲೆಮಾರು ಬಾಳುತ್ತದೆ.

ಸರಕಾರ ಈ ಕಸುಬುಗಳತ್ತ ಗಮನ ಕೊಟ್ಟಿಲ್ಲವೆಂದಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ತರಬೇತಿ, ಉಪಕರಣಗಳಿಗೆ 15,000 ರೂಪಾಯಿಯವರೆಗೆ ನೆರವು, ಶೇಕಡ 5ರ ಬಡ್ಡಿಯಲ್ಲಿ ಸಾಲ ಅದರಲ್ಲಿ ಸೇರಿವೆ. ಹಣದಿಂದ ಸುತ್ತಿಗೆ ಕೊಳ್ಳಬಹುದು. ಬಣ್ಣ ನೋಡಿ ಹದ ಹಿಡಿಯುವ ಕಣ್ಣನ್ನು ಹಿರಿಯರಿಂದಲೇ ಪಡೆಯಬೇಕು, ಆ ಹಿರಿಯರು ಇರುವಾಗಲೇ ಪಡೆಯಬೇಕು.

ನಿಮ್ಮ ಪಾಲಿನ ಕೆಲಸ

ಮಿತ್ರರೆ, ಕಂಬಾರನ ಮಗ ಕಂಬಾರನೇ ಆಗಲಿ ಎಂದು ನಾನು ಹೇಳುತ್ತಿಲ್ಲ. ಅವನು ಎಂಜಿನಿಯರ್ ಆಗಲಿ, ಶಿಕ್ಷಕನಾಗಲಿ. ಅದು ಅವನ ಹಕ್ಕು. ಬೇರೆ ಮನೆಯ ಮಗಳು ಆಸಕ್ತಿಯಿಂದ ಲೋಹವಿದ್ಯೆ ಕಲಿತು ಕುಲುಮೆಗೆ ಬಂದರೂ ಸಂತೋಷವೇ. ಆದರೆ ಅವರ ಹಿರಿಯರು ಬಲ್ಲ ವಿದ್ಯೆ ದಾಖಲೆಯಾಗದೆ ಅಳಿದರೆ ನಷ್ಟ ನಮ್ಮೆಲ್ಲರದು.

ದಾಖಲಿಸುವ ಕೆಲಸವನ್ನು ನೀವು ಮಾಡಬಹುದು. ನಿಮ್ಮ ಊರಿನಲ್ಲಿ ಈಗಲೂ ಕುಲುಮೆ ಇದ್ದರೆ ಬಿಡುವಿನ ದಿನ ಹೋಗಿ ದೂರದಲ್ಲಿ ಕುಳಿತು ನೋಡಿ. ಅವರು ಬಳಸುವ ಉಪಕರಣಗಳ ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಮುಂಡರಗಿಯ ಹೆಸರು ಲಕ್ಷ್ಮೇಶ್ವರದಲ್ಲಿ ಬೇರೆಯಾಗಿರಬಹುದು, ಎರಡನ್ನೂ ಬರೆಯಿರಿ. ಯಾವ ಬಣ್ಣಕ್ಕೆ ಅದ್ದುತ್ತಾರೆ, ಯಾವ ಬಣ್ಣಕ್ಕೆ ನಿಲ್ಲಿಸುತ್ತಾರೆ ಎಂದು ಕೇಳಿ. ನೀರಿಗೆ ಏನಾದರೂ ಬೆರೆಸುತ್ತಾರೆಯೇ, ಯಾವ ಮರದ ಇದ್ದಿಲು ಒಳ್ಳೆಯದು, ಯಾರಿಂದ ಕಲಿತರು ಎಂದು ಕೇಳಿ. ಅವರ ಮನೆಯ ಹೆಂಗಸರನ್ನೂ ಮಾತನಾಡಿಸಿ. ಒಪ್ಪಿದರೆ ಮೊಬೈಲಿನಲ್ಲಿ ಆ ಸುತ್ತಿಗೆಯ ಸದ್ದನ್ನೂ ಹಿಡಿದಿಡಿ. ನಿಮ್ಮ ಶಾಲೆಯ ಗ್ರಂಥಾಲಯದಲ್ಲಿ ಇಂಥ ಒಂದು ನೋಟುಬುಕ್ಕು ಇದ್ದರೆ ಮುಂದೆ ಗದಗ ಸೀಮೆಯ ಇತಿಹಾಸ ಬರೆಯುವವರಿಗೆ ಅದು ಆಧಾರವಾದೀತು.

ಕುಲುಮೆ ಮುಚ್ಚಿದ್ದರೆ ಮನೆಯಿಂದಲೇ ಆರಂಭಿಸಿ. ಮಹಾನವಮಿಯ ದಿನ ಖಂಡೆಪೂಜೆಗೆಂದು ಈಳಿಗೆ, ಕುಡಗೋಲುಗಳನ್ನು ತೊಳೆದು ಸಾಲಾಗಿ ಇಡುತ್ತಾರಲ್ಲ, ಆಗ ನಿಮ್ಮ ಅಜ್ಜಿಯ ಪಕ್ಕದಲ್ಲಿ ಕುಳಿತು ಕೇಳಿ: ಇದನ್ನು ಯಾವ ಊರಿನಲ್ಲಿ ಕೊಂಡದ್ದು, ಯಾವ ವರ್ಷ, ಎಷ್ಟಕ್ಕೆ, ಮಾಡಿಕೊಟ್ಟವರು ಯಾರು? ಅಜ್ಜಿಗೆ ಆ ಹೆಸರು ನೆನಪಿದ್ದೀತು. ಅದನ್ನು ಬರೆದಿಡಿ.